ಸರಾಸರಿ ಹೇಳದ ಸಂಗತಿ



ನಿಮ್ಮಲ್ಲಿ ಅನೇಕರಿಗೆ ಕಾಲೇಜಿನ ಪ್ರಾಜೆಕ್ಟ್ ಎಂದರೆ ಜುಪಿಟರ್ ನೋಟ್‌ಬುಕ್ ತೆರೆದು ಕೂರುವುದು ಎಂದೇ ಅರ್ಥ. 2014ರಲ್ಲಿ ಈ ಹೆಸರು ಪಡೆದ ಸಾಧನ ಇದು. ಜೂಲಿಯಾ, ಪೈಥಾನ್, ಆರ್ ಎಂಬ ಮೂರು ಭಾಷೆಗಳನ್ನು ಕೂಡಿಸಿ ಕಟ್ಟಿದ ಹೆಸರು. ಒಂದು ಸೆಲ್‌ನಲ್ಲಿ ನಾಲ್ಕು ಸಾಲು ಬರೆದರೆ ಅದರ ಕೆಳಗೇ ಉತ್ತರ, ಉತ್ತರದ ಕೆಳಗೇ ಚಿತ್ರ. ಇಷ್ಟು ಅನುಕೂಲವಿದ್ದರೂ ಚಿತ್ರವನ್ನು ಕೊನೆಯ ಅಲಂಕಾರವೆಂದು ತಿಳಿದು, ಸರಾಸರಿಯೊಂದನ್ನು ಬರೆದು ಕೈತೊಳೆದುಕೊಳ್ಳುವುದುಂಟು. ಈ ಸಲ ಅದರ ಬಗ್ಗೆ ನಾಲ್ಕು ಮಾತು.

ಉದಾಹರಣೆಗೆ ದೂರ ಹೋಗಬೇಕಿಲ್ಲ. ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಚೌಕಾಬಾರ ಆಡಿದ್ದೀರಲ್ಲವೆ? ನಾಲ್ಕು ಕವಡೆಗಳಲ್ಲಿ ಎಷ್ಟು ಅಂಗಾತ ಬೀಳುತ್ತವೆಯೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಈ ಗರವನ್ನು ಕಂಪ್ಯೂಟರ್‌ನಿಂದ ಹತ್ತು ಸಾವಿರ ಸಲ ಹಾಕಿಸಿ. ಸಿಮ್ಯುಲೇಷನ್ ಎಂದರೆ ಇಷ್ಟೇ. ಚೌಕ, ಬಾರ ಬಿದ್ದಾಗ ಸಿಗುವ ಮರು ಆಟವನ್ನು ಸದ್ಯ ಲೆಕ್ಕಕ್ಕೆ ಹಿಡಿಯುವುದು ಬೇಡ.

ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸರಿಸಮ ಎಂದುಕೊಂಡರೆ ಒಂದು ಗರದ ಸರಾಸರಿ 2.5ರ ಆಸುಪಾಸಿಗೆ ಬರುತ್ತದೆ. ಆದರೆ ಕವಡೆ ನಾಣ್ಯವಲ್ಲ. ಅದರ ಎರಡು ಮಗ್ಗುಲೂ ಒಂದೇ ರೀತಿ ಇಲ್ಲ. ನೂರಕ್ಕೆ 40 ಸಲ ಮಾತ್ರ ಅಂಗಾತ ಬೀಳುತ್ತದೆ ಎಂದು ಬದಲಿಸಿ ಓಡಿಸಿ. ಸರಾಸರಿ ಸುಮಾರು 2.64 ಆಗುತ್ತದೆ. ಅಂತಹ ವ್ಯತ್ಯಾಸವೇನಿಲ್ಲ ಎಂದುಕೊಳ್ಳುತ್ತೀರಿ.

ಈಗ ಎರಡಕ್ಕೂ ಕಂಬದ ನಕ್ಷೆ ಬರೆಯಿರಿ. ಮೊದಲನೆಯದರಲ್ಲಿ ಬಾರ ಬೀಳುವುದು ಹದಿನಾರಕ್ಕೊಂದು ಸಲ. ಎರಡನೆಯದರಲ್ಲಿ ಹೆಚ್ಚುಕಡಿಮೆ ಎಂಟಕ್ಕೊಂದು. ಚೌಕ ಬೀಳುವುದು ನೂರಕ್ಕೆ ಆರರಿಂದ ಎರಡೂವರೆಗೆ ಇಳಿದಿದೆ. ಆಟದ ಸ್ವರೂಪವೇ ಬದಲಾಗಿದೆ, ಸರಾಸರಿ ಮಾತ್ರ ಏನೂ ಆಗದಂತೆ ಕೂತಿದೆ!

ಇದು ಬರೀ ಆಟದ ಮಾತಲ್ಲ. ಮುಂಬಯಿಯ ಓದುಗರಿಗೆ 2005ರ ಜುಲೈ 26ರ ಬಗ್ಗೆ ಹಿರಿಯರು ಹೇಳಿಯೇ ಇರುತ್ತಾರೆ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನಗರದ ಹಳೆಯ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ. ಊರು ಮುಳುಗುವುದು ಸರಾಸರಿ ಮಳೆಗಲ್ಲ, ಅಪರೂಪದ ಮಳೆಗೆ. ನಾಳೆ ಸೇತುವೆಯ ಭಾರವನ್ನೋ ಔಷಧದ ಪರಿಣಾಮವನ್ನೋ ಲೆಕ್ಕ ಹಾಕುವವರು ನೀವೇ. ನಕ್ಷೆಯ ಅಂಚಿನಲ್ಲಿ ನಿಂತ ಗಿಡ್ಡ ಕಂಬವನ್ನು ನೋಡುವ ಅಭ್ಯಾಸ ಈಗಲೇ ಆಗಲಿ.

ಇನ್ನೊಂದು ಚಿತ್ರವನ್ನೂ ತಪ್ಪದೆ ಬರೆಯಿರಿ: ಗರಗಳ ಸಂಖ್ಯೆ ಏರಿದಂತೆ ಉತ್ತರ ಹೇಗೆ ನೆಲೆ ನಿಲ್ಲುತ್ತದೆ ಎಂಬ ಗೆರೆ. ಮೊದಲು ಅದು ಕುಡಿದವನ ನಡಿಗೆಯಂತೆ ಓಲಾಡುತ್ತದೆ, ಬರಬರುತ್ತ ಶಾಂತವಾಗುತ್ತದೆ. ಸರಿಸಮ ಕವಡೆಯಲ್ಲೂ ನೂರು ಗರಕ್ಕೆ ಬಾರ ಒಮ್ಮೆ ನಾಲ್ಕು ಸಲ ಬಿದ್ದರೆ ಇನ್ನೊಮ್ಮೆ ಒಂಬತ್ತು ಸಲ ಬಿದ್ದೀತು. ತಪ್ಪಿನ ಅಂದಾಜು ಅರ್ಧವಾಗಬೇಕಾದರೆ ಗರಗಳು ನಾಲ್ಕು ಪಟ್ಟಾಗಬೇಕು. ಗೆರೆ ಇನ್ನೂ ಓಲಾಡುತ್ತಿರುವಾಗ ತೀರ್ಮಾನ ಬರೆಯುವುದು ಬೆಂದಿತೋ ಇಲ್ಲವೋ ನೋಡದೆ ಅನ್ನ ಬಡಿಸಿದ ಹಾಗೆ.

ನೋಟ್‌ಬುಕ್‌ನ ಅನುಕೂಲದಲ್ಲೇ ಒಂದು ಅಪಾಯವೂ ಇದೆ. ಸೆಲ್‌ಗಳನ್ನು ಯಾವ ಕ್ರಮದಲ್ಲಾದರೂ ಓಡಿಸಬಹುದು. ಮೇಲೆ 40ನ್ನು 45 ಎಂದು ತಿದ್ದಿ ಕೆಳಗಿನದನ್ನು ಓಡಿಸದಿದ್ದರೆ, ಹೊಸ ಸಂಖ್ಯೆಯ ಕೆಳಗೆ ಹಳೆಯ ಚಿತ್ರ ನಗುತ್ತಾ ನಿಂತಿರುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಿಟ್‌ಹಬ್‌ನ ಲಕ್ಷಾಂತರ ನೋಟ್‌ಬುಕ್‌ಗಳನ್ನು ಮತ್ತೆ ಓಡಿಸಿ ನೋಡಿದರು. ತೊಡಕಿಲ್ಲದೆ ಓಡಿದವು ನೂರಕ್ಕೆ ಸುಮಾರು 24. ಮೊದಲಿನ ಉತ್ತರವನ್ನೇ ಕೊಟ್ಟವು ನೂರಕ್ಕೆ ಸುಮಾರು 4!

ಆದ್ದರಿಂದ ಯಾರಿಗಾದರೂ ತೋರಿಸುವ ಮುನ್ನ ಮೂರು ಕೆಲಸ ಮಾಡಿ. ಎಲ್ಲವನ್ನೂ ಅಳಿಸಿ ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓಡಿಸಿ. ಯಾದೃಚ್ಛಿಕ ಸಂಖ್ಯೆಗಳ ಸೀಡ್ ಬರೆದಿಡಿ. ಆಗ ಇನ್ನೊಬ್ಬರೂ ಅದೇ ಗರಗಳನ್ನು ಪಡೆಯಬಹುದು. ಕಂಬಗಳನ್ನು ಸೊನ್ನೆಯಿಂದಲೇ ಆರಂಭಿಸಿ, ಇಲ್ಲದಿದ್ದರೆ ಸಣ್ಣ ವ್ಯತ್ಯಾಸವೂ ಬೆಟ್ಟದಂತೆ ಕಾಣುತ್ತದೆ.

ಕಡೆಯದಾಗಿ ಒಂದು ಮಾತು. ಆ 40 ಎಂಬುದು ನಾವು ಕೊಟ್ಟ ಊಹೆ. ಊಹೆ ತಪ್ಪಿದ್ದರೆ ಹತ್ತು ಲಕ್ಷ ಗರ ಹಾಕಿಸಿದರೂ ತಪ್ಪೇ ಉತ್ತರ. ಮನೆಯಲ್ಲಿ ಕವಡೆ ಇದ್ದರೆ ತಂಗಿಯನ್ನೋ ತಮ್ಮನನ್ನೋ ಎದುರಿಗೆ ಕೂರಿಸಿಕೊಂಡು ಇನ್ನೂರು ಸಲ ನಿಜವಾಗಿ ಹಾಕಿ, ಪ್ರತಿ ಗರವನ್ನೂ ಬರೆದಿಡಿ. ಆ ಚಿತ್ರವನ್ನು ಕಂಪ್ಯೂಟರಿನ ಚಿತ್ರದ ಪಕ್ಕದಲ್ಲಿಟ್ಟು ನೋಡಿ. ಎರಡೂ ಹೊಂದದಿದ್ದರೆ ತಿದ್ದಬೇಕಾದದ್ದು ಕವಡೆಯನ್ನಲ್ಲ, ನಿಮ್ಮ ಊಹೆಯನ್ನು.