ಕಾರಿನ ಕೀಲಿ ಮೌನವಾದರೆ ದೂರು ಕೇಳುವವರಾರು?

ಸೊಕ್ಕೆ (ಜಗಳೂರು ತಾಲ್ಲೂಕು): ಹೋಬಳಿ ಕೇಂದ್ರವಾದ ಈ ಊರಿನ ಮುಖ್ಯರಸ್ತೆಯಲ್ಲಿ ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಈ ವರದಿಗಾರನ ಕಾರು ಬಾಗಿಲು ತೆರೆಯಲು ಒಪ್ಪಲಿಲ್ಲ. ರಿಮೋಟ್ ಕೀಲಿಯ ಗುಂಡಿಯನ್ನು ಹತ್ತು ಬಾರಿ ಒತ್ತಿದರೂ ದೀಪ ಮಿನುಗಲಿಲ್ಲ, ಸದ್ದೂ ಇಲ್ಲ. ಹಿಂದಿನ ವಾರವಷ್ಟೇ ಕೀಲಿಗೆ ಹೊಸ ಬ್ಯಾಟರಿ ಹಾಕಿಸಲಾಗಿತ್ತು. ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹುಡುಗನೊಬ್ಬ ನಕ್ಕು, 'ಇಲ್ಲಿ ಒತ್ತಿದ್ರೆ ಆಗಲ್ಲ ಸಾರ್, ನಿನ್ನೆಯಿಂದ ಯಾರ ಗಾಡೀದೂ ಆಗ್ತಿಲ್ಲ. ಗಾಡಿಗೆ ಅಂಟ್ಕಂಡು ನಿಂತು ಒತ್ರಿ' ಎಂದ. ಕಿಟಕಿಯ ಗಾಜಿಗೆ ತಾಗಿಸಿ ಒತ್ತಿದಾಗ ಬಾಗಿಲು ತೆರೆದುಕೊಂಡಿತು.

ಕಾರಣ ಮರುದಿನ ತಿಳಿಯಿತು. ಹತ್ತಿರದ ಮಳಿಗೆಯೊಂದರಲ್ಲಿ ರೋಲಿಂಗ್ ಷಟರ್ ಏರಿಸಿ ಇಳಿಸುವ ಅಗ್ಗದ ರಿಮೋಟ್ ಒಂದು ಸರಕಿನ ಚೀಲಗಳ ಅಡಿಗೆ ಸಿಕ್ಕಿಕೊಂಡಿತ್ತು. ಅದರ ಗುಂಡಿ ಒತ್ತಿದ ಸ್ಥಿತಿಯಲ್ಲಿಯೇ ಉಳಿದು, ಬ್ಯಾಟರಿ ಬರಿದಾಗುವವರೆಗೆ ಅದು ಎಡೆಬಿಡದೆ ರೇಡಿಯೊ ತರಂಗಗಳನ್ನು ಹೊರಸೂಸುತ್ತಿತ್ತು. ಅದು ಮೌನವಾದೊಡನೆ ಬೀದಿಯ ಕಾರುಗಳಿಗೆಲ್ಲ ಮಾತು ಬಂತು. ಮಳಿಗೆಯವರದು ತಪ್ಪಲ್ಲ, ಕಾರಿನವರದೂ ಅಲ್ಲ. ಆದರೆ ಇಂಥ ತೊಂದರೆ ಎರಡು ದಿನದ ಬದಲು ಎರಡು ತಿಂಗಳು ಮುಂದುವರಿದಿದ್ದರೆ ಸೊಕ್ಕೆಯ ಜನ ಯಾರ ಬಾಗಿಲು ತಟ್ಟಬೇಕಿತ್ತು? ಗ್ರಾಮ ಪಂಚಾಯಿತಿಯದೇ, ಪೊಲೀಸ್ ಠಾಣೆಯದೇ, ಕಾರು ಮಾರಿದ ಕಂಪನಿಯದೇ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ರಾಜ್ಯದ ನಗರವಾಸಿಗಳಿಗೂ ಸಂಬಂಧಿಸಿದ ದೊಡ್ಡ ಸಂಗತಿಯೊಂದು ಎದುರಾಗುತ್ತದೆ.

ಪಿಸುಮಾತು ಮತ್ತು ಸಂತೆ

ಭಾರತದಲ್ಲಿ ಮಾರಾಟವಾಗುವ ಬಹುತೇಕ ಕಾರುಗಳ ರಿಮೋಟ್ ಕೀಲಿಗಳು 433.92 ಮೆಗಾಹರ್ಟ್ಸ್ ಆವರ್ತನದ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಯುರೋಪಿನಲ್ಲಿಯೂ ಇದೇ ಪದ್ಧತಿ. ಅಮೆರಿಕ, ಜಪಾನ್‌ಗಳಲ್ಲಿ ಹೆಚ್ಚಾಗಿ 315 ಮೆಗಾಹರ್ಟ್ಸ್ ಬಳಕೆಯಲ್ಲಿದೆ. ನಾಣ್ಯದಗಲದ ಮೂರು ವೋಲ್ಟ್ ಬ್ಯಾಟರಿಯಿಂದ ನಡೆಯುವ ಈ ಕೀಲಿಯ ಪ್ರಸಾರ ಶಕ್ತಿ ಹೆಚ್ಚೆಂದರೆ ಕೆಲವೇ ಮಿಲಿವ್ಯಾಟ್. ಮೊಬೈಲ್ ಫೋನಿನ ಶಕ್ತಿಯ ಮುಂದೆ ಇದು ಪಿಸುಮಾತು. ಕಾರಿನೊಳಗಿನ ಗ್ರಾಹಕ ಯಂತ್ರ ಈ ಪಿಸುಮಾತಿಗಾಗಿ ಹಗಲಿರುಳು ಕಿವಿ ತೆರೆದುಕೊಂಡಿರುತ್ತದೆ. ಅದೇ ಆವರ್ತನದಲ್ಲಿ ಮತ್ತೊಬ್ಬರು ನಿರಂತರವಾಗಿ ಕೂಗುತ್ತಿದ್ದರೆ ಪಿಸುಮಾತು ಕೇಳಿಸುವುದಿಲ್ಲ. ಸಂತೆಯಲ್ಲಿ ಪಿಸುಗುಟ್ಟಿದಂತೆ.

ಇದರ ಇನ್ನೊಂದು ದೌರ್ಬಲ್ಯವನ್ನೂ ಗಮನಿಸಬೇಕು. ಸಾಮಾನ್ಯ ರಿಮೋಟ್ ಕೀಲಿಯದು ಏಕಮುಖ ಸಂಭಾಷಣೆ. ಅದು ಆಜ್ಞೆಯನ್ನು ಹೇಳುತ್ತದೆಯೇ ಹೊರತು ಕಾರು ಕೇಳಿಸಿಕೊಂಡಿತೇ ಎಂದು ತಿಳಿಯಲು ಅದಕ್ಕೆ ಕಿವಿ ಇಲ್ಲ. ಬಾಗಿಲು ತೆರೆಯದಿದ್ದರೆ ಮಾಲೀಕನಿಗೆ ತಕ್ಷಣ ಗೊತ್ತಾಗುತ್ತದೆ. ಮುಚ್ಚದಿದ್ದರೆ? ನಡೆಯುತ್ತಲೇ ಹಿಂದಿರುಗಿ ನೋಡದೆ ಗುಂಡಿ ಒತ್ತಿ ಹೋಗುವುದು ನಮ್ಮೆಲ್ಲರ ಅಭ್ಯಾಸ. ಈ ಅಭ್ಯಾಸವನ್ನೇ ಬಂಡವಾಳ ಮಾಡಿಕೊಂಡ ಕಳ್ಳರು ದಕ್ಷಿಣ ಆಫ್ರಿಕಾದ ವಾಹನ ನಿಲುಗಡೆ ತಾಣಗಳಲ್ಲಿ ಹಲವು ವರ್ಷಗಳಿಂದ ಪೊಲೀಸರಿಗೆ ತಲೆನೋವಾಗಿದ್ದಾರೆ. ಕಾರಿನ ಮಾಲೀಕ ಬೀಗ ಹಾಕುವ ಕ್ಷಣದಲ್ಲಿ ಪಕ್ಕದಲ್ಲಿಯೇ ಗೇಟಿನ ರಿಮೋಟ್ ಒಂದನ್ನು ಒತ್ತಿ ಹಿಡಿದರೂ ಅವರ ಕೆಲಸ ಮುಗಿಯಿತು. ಬೀಗ ಒಡೆಯಬೇಕಿಲ್ಲ, ಗಾಜು ಪುಡಿ ಮಾಡಬೇಕಿಲ್ಲ. ಅಲಾರಂ ಕೂಡ ಕೂಗುವುದಿಲ್ಲ. ಏಕೆಂದರೆ ಬೀಗವೇ ಬೀಳದ ಕಾರಿನಲ್ಲಿ ಅಲಾರಂ ಎಚ್ಚರವೇ ಆಗಿರುವುದಿಲ್ಲ.

ಕೀಲಿಯ ಸಂಕೇತ ಕದಿಯಲು ಆಗದಂತೆ ಪ್ರತಿ ಬಾರಿ ಸಂಕೇತ ಬದಲಾಗುವ 'ರೋಲಿಂಗ್ ಕೋಡ್' ವ್ಯವಸ್ಥೆ ಬಂದು ದಶಕಗಳಾಗಿವೆ. ದಕ್ಷಿಣ ಆಫ್ರಿಕಾದಲ್ಲಿಯೇ 1980ರ ದಶಕದಲ್ಲಿ ರೂಪುಗೊಂಡ 'ಕೀಲಾಕ್' ಎಂಬ ಇಂಥ ತಂತ್ರವನ್ನು 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಕೊಂಡುಕೊಂಡಿತು. ಆದರೆ ಸಂಕೇತ ಎಷ್ಟೇ ಜಾಣತನದ್ದಾದರೂ ಅದು ಕಾರನ್ನು ತಲುಪದಿದ್ದರೆ ಏನು ಪ್ರಯೋಜನ? ತರಂಗಗಳ ಅಡಚಣೆಗೆ ಈ ತಂತ್ರದಲ್ಲಿ ಮದ್ದಿಲ್ಲ.

ಹೆಚ್ಚುತ್ತಿರುವ ಜನಸಂದಣಿ

ಇಪ್ಪತ್ತು ವರ್ಷಗಳ ಹಿಂದೆ ಈ ಆವರ್ತನದಲ್ಲಿ ಕಾರಿನ ಕೀಲಿಗೆ ನೆರೆಹೊರೆಯವರು ಕಡಿಮೆಯಿದ್ದರು. ಈಗ ಹಾಗಿಲ್ಲ. ತಂತಿಯಿಲ್ಲದ ಕರೆಗಂಟೆ, ಗೇಟು ಮತ್ತು ಷಟರ್‌ಗಳ ರಿಮೋಟ್, ಮನೆಯ ಕಳ್ಳಗಂಟೆ, ಹವಾಮಾನ ಅಳೆಯುವ ಪುಟ್ಟ ಯಂತ್ರ, ಕಾರಿನ ಟೈರಿನ ಗಾಳಿ ಕಡಿಮೆಯಾದುದನ್ನು ತಿಳಿಸುವ ಸಂವೇದಕ ಹೀಗೆ ಎಲ್ಲವೂ ಅದೇ ಓಣಿಯಲ್ಲಿ ಬಿಡಾರ ಹೂಡಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 433 ಮೆಗಾಹರ್ಟ್ಸ್ ಪ್ರಸಾರಕದ ಬಿಡಿಭಾಗವನ್ನು ಯಾರು ಬೇಕಾದರೂ ಕೊಳ್ಳಬಹುದು. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಅದು ಸರ್ವೇಸಾಮಾನ್ಯ.

ಇದು ನಗರದ ಸಂಗತಿ ಮಾತ್ರವೆಂದು ಭಾವಿಸಬೇಕಿಲ್ಲ. ಮಳೆ ಕಡಿಮೆಯಿರುವ ಜಗಳೂರು ತಾಲ್ಲೂಕಿನಲ್ಲಿ ಬೇಸಾಯ ಕೊಳವೆಬಾವಿಯನ್ನು ನೆಚ್ಚಿಕೊಂಡಿದೆ. ತ್ರೀಫೇಸ್ ವಿದ್ಯುತ್ ಪಾಳಿಯ ಪ್ರಕಾರ ಬರುತ್ತದೆ, ಕೆಲವೊಮ್ಮೆ ನಡುರಾತ್ರಿಯಲ್ಲಿ. ಕತ್ತಲಲ್ಲಿ ಹಾವು ಚೇಳುಗಳ ನಡುವೆ ಹೊಲಕ್ಕೆ ನಡೆಯುವುದನ್ನು ತಪ್ಪಿಸಲು ರೈತರು ಮೊಬೈಲ್ ಸ್ಟಾರ್ಟರ್ ಅಳವಡಿಸಿಕೊಳ್ಳುತ್ತಿದ್ದಾರೆ. ಸಿಮ್ ಕಾರ್ಡ್ ಬೇಡವೆನ್ನುವವರಿಗೆ ಕೈಯಲ್ಲಿ ಹಿಡಿಯುವ ರಿಮೋಟ್‌ಗಳೂ ಉಂಟು. ಕಾರಿನ ಬಾಗಿಲು ತೆರೆಯದಿದ್ದರೆ ಕೀಲಿ ತಿರುಗಿಸಿ ತೆರೆಯಬಹುದು. ಪಂಪು ನಿಲ್ಲದಿದ್ದರೆ ಮೋಟಾರು ಸುಟ್ಟು ಹೋಗುತ್ತದೆ. ತರಂಗಗಳ ಈ ಜಗಳದಲ್ಲಿ ಹೆಚ್ಚು ಕಳೆದುಕೊಳ್ಳುವವನು ಕಾರಿನವನಲ್ಲ ಎಂಬುದನ್ನು ಮರೆಯಬಾರದು.

ಹೊರದೇಶದ ಎರಡು ಪ್ರಕರಣಗಳು ಇಲ್ಲಿ ಉಲ್ಲೇಖನೀಯ. 2019ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ನಾರ್ತ್ ಓಲ್ಮ್‌ಸ್ಟೆಡ್ ಎಂಬಲ್ಲಿ ಒಂದು ಬಡಾವಣೆಯ ಕಾರಿನ ಕೀಲಿಗಳೂ ಗ್ಯಾರೇಜಿನ ಬಾಗಿಲುಗಳೂ ವಾರಗಟ್ಟಲೆ ಕೆಲಸ ನಿಲ್ಲಿಸಿದವು. ವಿದ್ಯುತ್ ಕಂಪನಿಯವರು ಬಂದರು, ಹವ್ಯಾಸಿ ರೇಡಿಯೊ ಬಲ್ಲವರು ಉಪಕರಣ ಹಿಡಿದು ಬೀದಿ ಬೀದಿ ಅಲೆದರು. ಕೊನೆಗೆ ಸಿಕ್ಕಿದ್ದು ಒಂದು ಮನೆಯಲ್ಲಿದ್ದ ಕೈತಯಾರಿಕೆಯ ಪುಟ್ಟ ಯಂತ್ರ. ಮನೆಯೊಳಗೆ ಯಾರಾದರೂ ಬಂದರೆ ತಿಳಿಯಲೆಂದು ಆಸಕ್ತರೊಬ್ಬರು ಅದನ್ನು ಮಾಡಿಕೊಂಡಿದ್ದರು. ಅದು 315 ಮೆಗಾಹರ್ಟ್ಸ್‌ನಲ್ಲಿ ನಿರಂತರವಾಗಿ ಪ್ರಸಾರ ಮಾಡುತ್ತಿತ್ತು. ಅವರಿಗೆ ಬೀದಿಯ ಪಾಡು ಗೊತ್ತೇ ಇರಲಿಲ್ಲ. ಸೊಕ್ಕೆಯ ಷಟರ್ ರಿಮೋಟಿಗೂ ಈ ಯಂತ್ರಕ್ಕೂ ವ್ಯತ್ಯಾಸ ಬ್ಯಾಟರಿಯ ಆಯುಸ್ಸಿನದಷ್ಟೇ.

ಇನ್ನೊಂದು ಸರ್ಕಾರದ್ದೇ ಕೈವಾಡ. 2004-05ರ ವೇಳೆಗೆ ಅಮೆರಿಕದ ಕೆಲವು ಸೇನಾ ನೆಲೆಗಳಲ್ಲಿ ಹೊಸ ರೇಡಿಯೊ ಸಂಪರ್ಕ ವ್ಯವಸ್ಥೆ ಚಾಲನೆಗೊಂಡಾಗ ಸುತ್ತಲಿನ ಊರುಗಳ ಗ್ಯಾರೇಜ್ ಬಾಗಿಲುಗಳು ತೆರೆಯದಾದವು. ದೂರು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯವರೆಗೆ ಹೋಯಿತು. ಬಂದ ಉತ್ತರದ ತಾತ್ಪರ್ಯವಿಷ್ಟು: ಆವರ್ತನ ಸೇನೆಗೆ ಸೇರಿದ್ದು, ಪರವಾನಗಿಯಿಲ್ಲದ ಉಪಕರಣ ಬಳಸುವ ನಾಗರಿಕರು ಸಹಿಸಿಕೊಳ್ಳಬೇಕು.

ನಮ್ಮ ನಿಯಮವೂ ಇದಕ್ಕಿಂತ ಭಿನ್ನವಲ್ಲ. ಭಾರತದಲ್ಲಿ ಕಡಿಮೆ ಶಕ್ತಿಯ ಇಂಥ ಉಪಕರಣಗಳಿಗೆ ಪರವಾನಗಿ ಬೇಕಿಲ್ಲ, ಉಪಕರಣದ ಮಾದರಿಗೆ ಒಪ್ಪಿಗೆ ಸಾಕು. ಆದರೆ ಈ ವಿನಾಯಿತಿಗೆ ಒಂದು ಷರತ್ತು ಅಂಟಿಕೊಂಡಿದೆ: ಬೇರೆಯವರಿಗೆ ಅಡಚಣೆ ಮಾಡುವಂತಿಲ್ಲ, ಬೇರೆಯವರಿಂದ ಅಡಚಣೆಯಾದರೆ ರಕ್ಷಣೆ ಕೇಳುವಂತಿಲ್ಲ. ಹತ್ತಾರು ಲಕ್ಷ ರೂಪಾಯಿ ತೆತ್ತು ಕಾರು ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಈ ಷರತ್ತು ತಿಳಿದಿದೆ? ಮಾರಾಟ ಮಳಿಗೆಯಲ್ಲಿ ಕೀಲಿಯನ್ನು ದೊಡ್ಡ ಗಾತ್ರದಲ್ಲಿ ಮಾಡಿ ಕೊಟ್ಟು ಫೋಟೊ ತೆಗೆಯುವವರು ಇದನ್ನು ಹೇಳುವುದಿಲ್ಲ.

ಜೈಲಿನ ಗೋಡೆಯಾಚೆ

ಕರ್ನಾಟಕದಲ್ಲಿ ತರಂಗಗಳ ಅಡಚಣೆ ಸಾರ್ವಜನಿಕ ವಿವಾದವಾದದ್ದು ಕಾರಾಗೃಹಗಳ ಜಾಮರ್‌ಗಳಿಂದ. ಬೆಂಗಳೂರಿನ ಪರಪ್ಪನ ಅಗ್ರಹಾರ ಕೇಂದ್ರ ಕಾರಾಗೃಹದ ಸುತ್ತಲಿನ ಬಡಾವಣೆಗಳ ನಿವಾಸಿಗಳು, ಅಲ್ಲಿ ಹೊಸ ಜಾಮರ್ ವ್ಯವಸ್ಥೆ ಬಂದ ಮೇಲೆ ಮನೆಯೊಳಗೆ ಕರೆ ಮಾಡಲಾಗದು, ಆನ್‌ಲೈನ್ ಹಣ ಪಾವತಿಯಾಗದು ಎಂದು ದೂರಿದರು. 2025ರಲ್ಲಿ ಮಂಗಳೂರಿನ ಕೊಡಿಯಾಲಬೈಲ್ ಜಿಲ್ಲಾ ಕಾರಾಗೃಹದ ಸುತ್ತಮುತ್ತ ಇದೇ ದೂರು ಕೇಳಿಬಂತು. ವ್ಯಾಪಾರಿಗಳು, ವಿದ್ಯಾರ್ಥಿಗಳು, ಜನಪ್ರತಿನಿಧಿಗಳು ದನಿಯೆತ್ತಿದರು. ವಿಪರ್ಯಾಸವೆಂದರೆ, 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದಲ್ಲಿದ್ದ ವಿಚಾರಣಾಧೀನ ನಟರೊಬ್ಬರ ವಿಡಿಯೊ ಕರೆಯ ದೃಶ್ಯವೇ ಹೊರಬಂದು ನಾಡೆಲ್ಲ ಚರ್ಚೆಯಾಯಿತು. ಗೋಡೆಯ ಹೊರಗೆ ಸಿಗದ ಸಿಗ್ನಲ್ ಒಳಗೆ ಸಿಕ್ಕಿತ್ತು!

ಇಲ್ಲೊಂದು ತಾಂತ್ರಿಕ ಸೂಕ್ಷ್ಮವಿದೆ. ಜೈಲಿನ ಜಾಮರ್ ಗುರಿಯಿಡುವುದು ಮೊಬೈಲ್ ಆವರ್ತನಗಳಿಗೆ. 433 ಮೆಗಾಹರ್ಟ್ಸ್‌ನ ಕಾರಿನ ಕೀಲಿ ಅದರ ಗುರಿಯಲ್ಲ. ಆದ್ದರಿಂದ ಜೈಲಿನ ಬಳಿ ಕೀಲಿ ಕೆಲಸ ಮಾಡದಿದ್ದರೆ ಜಾಮರ್‌ನ ಮೇಲೆ ಗೂಬೆ ಕೂರಿಸುವ ಮೊದಲು ಬೇರೆ ಕಾರಣ ನೋಡುವುದು ನ್ಯಾಯ. ಗಣ್ಯರ ಬೆಂಗಾವಲಿನಲ್ಲಿ ಸಾಗುವ ಜಾಮರ್ ವಾಹನದ ಕಥೆ ಬೇರೆ. ರಿಮೋಟ್‌ನಿಂದ ಸಿಡಿಸುವ ಬಾಂಬ್ ತಡೆಯುವುದು ಅದರ ಕೆಲಸ. ಅಂಥ ಬಾಂಬ್‌ಗೆ ಕರೆಗಂಟೆಯ ರಿಮೋಟ್ ಅಥವಾ ಕಾರಿನ ಕೀಲಿಯೇ ಕೀಲಕವಾಗಬಲ್ಲದು. ಹಾಗಾಗಿ ಆ ವಾಹನ ವಿಶಾಲ ಶ್ರೇಣಿಯ ಆವರ್ತನಗಳನ್ನೆಲ್ಲ ಮುಚ್ಚಬೇಕಾಗುತ್ತದೆ. ಗಣ್ಯರು ಹಾದುಹೋಗುವಾಗ ರಸ್ತೆಬದಿಯ ಕಾರಿನ ಕೀಲಿ ಕ್ಷಣಕಾಲ ಸತ್ತರೆ ಅದು ಯಂತ್ರದ ದೋಷವಲ್ಲ, ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಕೆಲವೇ ನಿಮಿಷಗಳ ಈ ತೊಂದರೆಯನ್ನು ಯಾರೂ ಆಕ್ಷೇಪಿಸಲಾರರು.

ಆಕ್ಷೇಪಿಸಬೇಕಾದುದು ಖಾಸಗಿಯವರ ಜಾಮರ್‌ಗಳನ್ನು. ಸರ್ಕಾರದ ನಿರ್ದಿಷ್ಟ ಅನುಮತಿಯಿಲ್ಲದೆ ಜಾಮರ್ ಬಳಸುವುದು ಕಾನೂನುಬಾಹಿರ, ಖಾಸಗಿಯವರು ಅದನ್ನು ಕೊಳ್ಳುವಂತೆಯೇ ಇಲ್ಲ ಎಂದು ದೂರಸಂಪರ್ಕ ಇಲಾಖೆ 2022ರಲ್ಲಿ ಸಾರ್ವಜನಿಕ ಸೂಚನೆ ಹೊರಡಿಸಿತು. ಆನ್‌ಲೈನ್ ಮಾರಾಟ ತಾಣಗಳಿಗೂ ಎಚ್ಚರಿಕೆ ನೀಡಿತು. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ವಾಕಿಟಾಕಿ ಮೊದಲಾದ ರೇಡಿಯೊ ಉಪಕರಣಗಳ ಅಕ್ರಮ ಆನ್‌ಲೈನ್ ಮಾರಾಟ ತಡೆಯಲು ಮಾರ್ಗಸೂಚಿ ರೂಪಿಸಿತು. ಕಾಗದದ ಮೇಲೆ ಕಾನೂನಿಗೆ ಕೊರತೆಯಿಲ್ಲ.

ಕೊರತೆಯಿರುವುದು ಕಿವಿಗೆ. ದೇಶದ ಆವರ್ತನಗಳ ಉಸ್ತುವಾರಿ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ್ದು. ಅಕ್ರಮ ಪ್ರಸಾರ ಪತ್ತೆಹಚ್ಚಲು ಅದರ ಜತೆ ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆಯಿದ್ದು, ಬೆಂಗಳೂರು ಮತ್ತು ಮಂಗಳೂರಿನಲ್ಲಿ ಅದರ ಕೇಂದ್ರಗಳಿವೆ. ವಿಮಾನಯಾನ, ಪೊಲೀಸ್, ಮೊಬೈಲ್ ಕಂಪನಿಗಳಂಥ ಪರವಾನಗಿದಾರರ ದೂರುಗಳೇ ಅದಕ್ಕೆ ಮುಖ್ಯ ಕೆಲಸ. ವಿಮಾನದ ಸಂಪರ್ಕಕ್ಕೆ ಅಡ್ಡಿಯಾದರೆ ಮೊದಲು ಓಡಬೇಕಾದ್ದು ಅಲ್ಲಿಗೇ, ಇದರಲ್ಲಿ ಎರಡು ಮಾತಿಲ್ಲ. ಆದರೆ ಜಗಳೂರಿನ ಒಂದು ಬೀದಿಯ ಕಾರಿನ ಕೀಲಿ, ರೈತನ ಪಂಪಿನ ರಿಮೋಟ್ ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತವೆ? ರಕ್ಷಣೆ ಕೇಳುವ ಹಕ್ಕಿಲ್ಲದವನ ದೂರಿಗೆ ಕಡತ ತೆರೆಯುವ ತುರ್ತು ಯಾರಿಗೂ ಇರುವುದಿಲ್ಲ.

ಪರಿಣಾಮವಾಗಿ ನಷ್ಟ ಬಳಕೆದಾರನ ಜೇಬಿಗೆ. ಕೀಲಿ ಕೆಲಸ ಮಾಡದೆಂದು ಆತ ಸರ್ವಿಸ್ ಸೆಂಟರಿಗೆ ಹೋಗುತ್ತಾನೆ. ಅಲ್ಲಿ ತರಂಗಗಳ ಅಡಚಣೆಯಿಲ್ಲವಾದ್ದರಿಂದ ಕೀಲಿ ಸರಿಯಾಗಿಯೇ ಇರುತ್ತದೆ. ಆದರೂ ಬ್ಯಾಟರಿ ಬದಲಾಗುತ್ತದೆ, ಕೆಲವೊಮ್ಮೆ ಸಾವಿರಾರು ರೂಪಾಯಿಯ ಹೊಸ ಕೀಲಿಯೇ ಬರುತ್ತದೆ. ಮನೆಗೆ ಮರಳಿದರೆ ಅದೇ ರಾಗ.

ಈ ಖರ್ಚು ತಪ್ಪಿಸಲು ದುಬಾರಿ ಉಪಕರಣ ಬೇಕಿಲ್ಲ. ಒಂದೇ ಜಾಗದಲ್ಲಿ ಎರಡು ಬೇರೆ ಬೇರೆ ಕಂಪನಿಯ ಕಾರುಗಳು ಕೀಲಿಗೆ ಓಗೊಡದಿದ್ದರೆ, ಇನ್ನೂರು ಮೀಟರ್ ಆಚೆ ಎರಡೂ ಓಗೊಟ್ಟರೆ, ದೋಷ ಕಾರಿನದಲ್ಲ ಎಂಬುದು ಬಹುಮಟ್ಟಿಗೆ ಖಚಿತ. ಎಷ್ಟು ಹತ್ತಿರದಿಂದ ಕೀಲಿ ಕೆಲಸ ಮಾಡುತ್ತದೆ ಎಂದು ಬೀದಿಯುದ್ದಕ್ಕೂ ನೋಡುತ್ತ ಹೋದರೆ, ಆ ಅಂತರ ಕಿರಿದಾಗುವ ಕಡೆಗೆ ಮೂಲವಿದೆ. ಗುಂಡಿಯಿಂದ ಚಾಲೂ ಆಗುವ ಹೊಸ ಕಾರುಗಳಲ್ಲಿ ಕೀಲಿಯೊಳಗೆ ಸಣ್ಣ ಲೋಹದ ಕೀಲಿಯೊಂದು ಅಡಗಿರುತ್ತದೆ. ಬಾಗಿಲಿನ ಹಿಡಿಕೆಯ ಮುಚ್ಚಳದಡಿ ಅದಕ್ಕೆ ರಂಧ್ರವೂ ಇರುತ್ತದೆ. ಒಳಗೆ ಕುಳಿತ ಮೇಲೆ ಕೀಲಿಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿದರೆ ಹಲವು ಮಾದರಿಗಳಲ್ಲಿ ಇಂಜಿನ್ ಚಾಲೂ ಆಗುತ್ತದೆ, ಏಕೆಂದರೆ ಈ ಅತಿ ಸಮೀಪದ ಗುರುತಿಸುವಿಕೆ ನಡೆಯುವುದು ತೀರಾ ಕೆಳಗಿನ, ಸುಮಾರು 125 ಕಿಲೋಹರ್ಟ್ಸ್‌ನ ಆವರ್ತನದಲ್ಲಿ. ಇನ್ನು ಬೀಗ ಹಾಕಿ ಹೊರಡುವ ಮುನ್ನ ಹಿಡಿಕೆಯನ್ನು ಒಮ್ಮೆ ಎಳೆದು ನೋಡುವುದಕ್ಕೆ ಎರಡು ಸೆಕೆಂಡು ಸಾಕು.

ಇವೆಲ್ಲ ವ್ಯಕ್ತಿಯೊಬ್ಬ ಮಾಡಿಕೊಳ್ಳಬಹುದಾದ ಉಪಾಯಗಳು. ಮೂಲ ಪತ್ತೆಯಾದ ಮೇಲೆ ಅದನ್ನು ನಿಲ್ಲಿಸುವ ಅಧಿಕಾರ ಅವನಿಗಿಲ್ಲ. ಜಿಲ್ಲಾ ಮಟ್ಟದಲ್ಲಿ ಇಂಥ ದೂರು ಸ್ವೀಕರಿಸಿ ಬೆಂಗಳೂರಿನ ಕೇಂದ್ರಕ್ಕೆ ರವಾನಿಸುವ ಒಂದು ಮೇಜು ಇದ್ದರೂ ಸಾಕಿತ್ತು. ರಾಜ್ಯದಲ್ಲಿ ಹವ್ಯಾಸಿ ರೇಡಿಯೊ ಪರವಾನಗಿ ಪಡೆದವರು ಅನೇಕರಿದ್ದಾರೆ. ಅವರಿಗೆ ಹಂಚಿಕೆಯಾಗಿರುವ 434ರಿಂದ 438 ಮೆಗಾಹರ್ಟ್ಸ್ ಪಟ್ಟಿ ಕಾರಿನ ಕೀಲಿಯ ಪಕ್ಕದ ಮನೆಯೇ ಆಗಿರುವುದರಿಂದ ಮೂಲ ಹುಡುಕುವ ಉಪಕರಣವೂ ಕೌಶಲವೂ ಅವರ ಬಳಿಯಿದೆ. ಪ್ರವಾಹ, ಚುನಾವಣೆಗಳ ಸಮಯದಲ್ಲಿ ಜಿಲ್ಲಾಡಳಿತಗಳು ಅವರ ನೆರವು ಪಡೆದದ್ದುಂಟು. ಈ ಕೆಲಸಕ್ಕೂ ಕರೆಯಬಾರದೇಕೆ?

ಸೊಕ್ಕೆಯ ಮಳಿಗೆಯವರು ಈಗ ಷಟರ್ ರಿಮೋಟನ್ನು ಗೋಡೆಯ ಮೊಳೆಗೆ ನೇತುಹಾಕಿದ್ದಾರೆ.