ಮೂರು ದಿನ ನಿಂತ ಹಡಗು, ಒಂದು ಗಂಟೆ ನಿಲ್ಲುವ ದೋಣಿ

ಕೊಕ್ಕರ್ಣೆಯ ಬದಿಯಲ್ಲಿ ಹರಿಯುವ ಸೀತಾನದಿ ಪಶ್ಚಿಮಕ್ಕೆ ಸಾಗಿ ನೀಲಾವರ, ಬಾರ್ಕೂರು, ಮಾಬುಕಳಗಳನ್ನು ದಾಟಿ, ಕೋಡಿ ಬೆಂಗ್ರೆಯ ಬಳಿ ಸ್ವರ್ಣಾ ನದಿಯೊಡನೆ ಕೂಡಿ ಕಡಲು ಸೇರುತ್ತದೆ. ಬಾರ್ಕೂರಿಗೆ ಶೈಕ್ಷಣಿಕ ಪ್ರವಾಸ ಹೋಗುವ ಮಕ್ಕಳು ಕತ್ತಲೆ ಬಸದಿ, ದೇವಸ್ಥಾನ, ಕೋಟೆಯ ಅವಶೇಷ ನೋಡಿ ಬರುತ್ತಾರೆ. ಇದು ಹಡಗುಗಳು ತಂಗುತ್ತಿದ್ದ ಬಂದರು ಎಂದರೆ ಅವರಿಗಿರಲಿ, ಜೊತೆಗೆ ಹೋದ ಹಿರಿಯರಿಗೂ ಥಟ್ಟನೆ ನಂಬಿಕೆ ಬರುವುದಿಲ್ಲ.

ಆದರೆ 1342ರಲ್ಲಿ ಇಲ್ಲಿ ಮೂರು ದಿನ ತಂಗಿದ್ದ ಒಬ್ಬ ಪ್ರಯಾಣಿಕನ ವಿವರಣೆ ಇಂದಿಗೂ ಉಳಿದಿದೆ. ಆತ ಮೊರಾಕ್ಕೋ ದೇಶದ ಇಬ್ನ್ ಬತೂತ. ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೊರಟಿದ್ದ ಅವನು ಗುಜರಾತಿನ ತೀರದಲ್ಲಿ ಹಡಗೇರಿ, ಬಂದರಿನಿಂದ ಬಂದರಿಗೆ ನಿಲ್ಲುತ್ತಾ ಕಲ್ಲಿಕೋಟೆಯತ್ತ ಸಾಗಿದ್ದ. ಅವನ ಬರಹದಲ್ಲಿ ಹೊನ್ನಾವರ 'ಹಿನಾವರ್' ಆಗಿದೆ, ಬಾರ್ಕೂರು 'ಫಾಕನೂರ್', ಮಂಗಳೂರು 'ಮಂಜರೂರ್'.

ಮೂರು ದಿನದಲ್ಲಿ ಅವನು ಬಾರ್ಕೂರಿನ ಬಗ್ಗೆ ಏನೇನು ತಿಳಿದುಕೊಂಡ ಎಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಊರು ಹಿನ್ನೀರಿನ ದಂಡೆಯ ಮೇಲಿದೆ. ಕಬ್ಬು ಹೇರಳ, ಅಂಥ ಒಳ್ಳೆಯ ಕಬ್ಬು ಆ ಸೀಮೆಯಲ್ಲಿ ಬೇರೆಲ್ಲೂ ಇಲ್ಲ. ರಾಜನ ಹೆಸರು ಬಾಸದೇವ, ಎಂದರೆ ವಾಸುದೇವ. ಅವನ ಬಳಿ ಸುಮಾರು 30 ಯುದ್ಧನೌಕೆಗಳು, ಅವುಗಳ ನಾಯಕನ ಹೆಸರು ಲೂಲಾ. ಈ ತೀರದಲ್ಲಿ ಹಾದುಹೋಗುವ ಪ್ರತಿ ಹಡಗೂ ಇಲ್ಲಿ ಲಂಗರು ಹಾಕಿ ರಾಜನಿಗೆ ಕಾಣಿಕೆ ಕೊಡಬೇಕು. ಅದಕ್ಕೆ 'ಬಂದರಿನ ಹಕ್ಕು' ಎಂದು ಹೆಸರು. ಕೊಡದೆ ಹೋದರೆ ಬೆನ್ನಟ್ಟಿ ಹಿಡಿದು ತಂದು ಇಮ್ಮಡಿ ವಸೂಲು ಮಾಡುತ್ತಾರೆ. ಅತಿಥಿಗಳಿಗೆ ಧೈರ್ಯ ಬರಲೆಂದು ರಾಜ ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿದ್ದ. (ಕಬ್ಬಿನ ಮಾತು ಸುಳ್ಳಲ್ಲ. ಮುಂದೆ ಪಕ್ಕದ ಬ್ರಹ್ಮಾವರದಲ್ಲೇ ಸಕ್ಕರೆ ಕಾರ್ಖಾನೆ ಬಂತು; ಅದು ಮುಚ್ಚಿದ್ದೂ ಈಗ ಹಳೆಯ ಮಾತು.)

ಇಷ್ಟು ಸಂಗತಿ ಹೇಗೆ ದಕ್ಕಿತು? ಅವನ ಪುಸ್ತಕ ಓದುತ್ತ ಹೋದರೆ ಗುಟ್ಟು ತಿಳಿಯುತ್ತದೆ. ಯಾವ ಬಂದರಿಗೆ ಹೋದರೂ ಅವನ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಆಳುವವನು ಯಾರು, ನ್ಯಾಯ ಹೇಳುವವನು ಯಾರು, ಏನು ಬೆಳೆಯುತ್ತದೆ, ವ್ಯಾಪಾರಿಗಳು ಎಲ್ಲಿಂದ ಬರುತ್ತಾರೆ? ಮಂಗಳೂರಿನಲ್ಲಿ ಅದೇ ಪ್ರಶ್ನೆಗೆ ಸಿಕ್ಕ ಉತ್ತರ: ಮೆಣಸು, ಶುಂಠಿ, ಪರ್ಷಿಯ ಮತ್ತು ಯೆಮನಿನ ವರ್ತಕರು. ಹೊನ್ನಾವರದಲ್ಲಿ ಅವನು ಶಾಲೆಗಳನ್ನೇ ಲೆಕ್ಕ ಹಾಕಿದ. ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23. 'ತುಂಬಾ ಶಾಲೆಗಳಿದ್ದವು' ಎಂದು ಬರೆದಿದ್ದರೆ ಆ ಮಾತಿಗೆ ಇಂದು ಬೆಲೆ ಇರುತ್ತಿರಲಿಲ್ಲ.

ಕೊರತೆಯೂ ಅಲ್ಲಿಯೇ ಇದೆ. ಅವನು ವೃತ್ತಿಯಿಂದ ಖಾಜಿ. ಮಸೀದಿ, ಖಾಜಿ, ಧರ್ಮಶಿಕ್ಷಣ ಇವನ್ನು ಹುಡುಕಿದ, ಅವೇ ಸಿಕ್ಕವು. ಬಾರ್ಕೂರಿನ ದೇವಾಲಯ, ಬಸದಿಗಳ ಬಗ್ಗೆ ಹೇಳಿಕೊಳ್ಳುವಂಥ ಒಂದು ಮಾತೂ ಅವನಿಂದ ಬರಲಿಲ್ಲ. ಕೇಳದ ಪ್ರಶ್ನೆಗೆ ಯಾವ ಊರೂ ತಾನಾಗಿ ಉತ್ತರ ಕೊಡುವುದಿಲ್ಲ.

ಕೆಲವು ವರ್ಷಗಳ ಬಳಿಕ ಇದೇ ಕಡಲಿನಲ್ಲಿ ಅವನಿಗೆ ದೊಡ್ಡ ನಷ್ಟವಾಯಿತು. ಹೊನ್ನಾವರಕ್ಕೂ ಬಾರ್ಕೂರಿಗೂ ನಡುವಿನ ಒಂದು ಸಣ್ಣ ದ್ವೀಪದ ಬಳಿ 12 ನೌಕೆಗಳಲ್ಲಿ ಬಂದ ಕಡಲುಗಳ್ಳರು ಅವನ ಹಡಗನ್ನು ದೋಚಿದರು. ಸಿಂಹಳದ ರಾಜ ಕೊಟ್ಟಿದ್ದ ರತ್ನಗಳು ಹೋದವು. ಮೈಮೇಲೆ ಉಳಿದದ್ದು ಷರಾಯಿ ಒಂದೇ. ಬುಖಾರಾ ನಗರದ ವಿದ್ವಾಂಸರ ಗೋರಿಗಳ ಮೇಲಿದ್ದ ಬರಹಗಳನ್ನು ಬರೆದುಕೊಂಡಿದ್ದೆ, ಹಿಂದೂಸ್ಥಾನದ ಕಡಲಿನಲ್ಲಿ ದರೋಡೆಯಾದಾಗ ಅದೂ ಹೋಯಿತು ಎಂದು ಅವನು ಬೇರೊಂದು ಕಡೆ ಹೇಳುತ್ತಾನೆ. ರತ್ನಕ್ಕಿಂತ ದೊಡ್ಡ ನಷ್ಟ ಇದು. ಊರಿಗೆ ಮರಳಿದ ಮೇಲೆ ಅವನು ಹೇಳುತ್ತ ಹೋದ, ಇಬ್ನ್ ಜುಜಯ್ ಎಂಬ ಲಿಪಿಕಾರ ಬರೆದುಕೊಂಡ. 1355ರಲ್ಲಿ ಪುಸ್ತಕ ಮುಗಿಯಿತು. ಬಾರ್ಕೂರಿನ ಮೂರು ದಿನಕ್ಕೂ ಆ ಬರವಣಿಗೆಗೂ ನಡುವೆ ಹದಿಮೂರು ವರ್ಷಗಳ ಅಂತರ.

ಐದು ಶತಮಾನ ಕಳೆದ ಮೇಲೆ ಇನ್ನೊಬ್ಬ ಪ್ರಯಾಣಿಕ ಇದೇ ರೀತಿ ಬಂದರುಗಳಲ್ಲಿ ನಿಲ್ಲುತ್ತಾ ಭೂಮಿಯನ್ನು ಸುತ್ತಿದ. 1831ರ ಡಿಸೆಂಬರ್ 27ರಂದು 'ಬೀಗಲ್' ಹಡಗಿನಲ್ಲಿ ಹೊರಟ ಚಾರ್ಲ್ಸ್ ಡಾರ್ವಿನ್‌ಗೆ ಆಗ ವಯಸ್ಸು 22. ಹಡಗಿನ ಕೆಲಸ ತೀರದ ನಕ್ಷೆ ಮಾಡುವುದು. ಎಲ್ಲಿ ಎಷ್ಟು ದಿನ ನಿಲ್ಲಬೇಕು ಎಂಬುದು ಕ್ಯಾಪ್ಟನ್ ಫಿಟ್ಸ್‌ರಾಯ್ ಅವರ ಕೈಯಲ್ಲಿ. ಕಡಲ ಮೇಲೆ ಡಾರ್ವಿನ್‌ಗೆ ವಿಪರೀತ ವಾಂತಿ. ಆದರೂ ಲಯೆಲ್ ಅವರ ಭೂವಿಜ್ಞಾನದ ಪುಸ್ತಕ ಕೈಬಿಡಲಿಲ್ಲ. 1832ರ ಜನವರಿಯಲ್ಲಿ ಕೇಪ್ ವರ್ಡೆಯ ಸಂತಿಯಾಗೊ ದ್ವೀಪದಲ್ಲಿ ಇಳಿದಾಗ ಕಡಲ ಬದಿಯ ಬಂಡೆಗೋಡೆಯಲ್ಲಿ, ನೀರಿನಿಂದ ಸುಮಾರು 45 ಅಡಿ ಮೇಲೆ, ಒಂದು ಬಿಳಿಯ ಪಟ್ಟೆ ಕಂಡಿತು. ಅದರಲ್ಲಿ ಸಮುದ್ರದ ಚಿಪ್ಪುಗಳಿದ್ದವು. ಅಂದರೆ ಆ ಪದರ ಒಂದು ಕಾಲದಲ್ಲಿ ಕಡಲ ತಳವಾಗಿತ್ತು, ಅದರ ಮೇಲೆ ಲಾವಾ ಹರಿದಿತ್ತು, ಆಮೇಲೆ ನೆಲ ಮೇಲೆದ್ದಿತ್ತು. ಓದಿ ಬಂದ ಕಣ್ಣಿಗೆ ಮೊದಲ ನಿಲ್ದಾಣದಲ್ಲೇ ಸಿಕ್ಕ ಪಾಠ ಇದು.

ಅಂಥವರೂ ಎಡವಿದರು. 1835ರಲ್ಲಿ ಗಾಲಾಪಗೋಸ್ ದ್ವೀಪಗಳಲ್ಲಿ ಬೀಗಲ್ ಐದು ವಾರ ಇತ್ತು. ದ್ವೀಪದಿಂದ ದ್ವೀಪಕ್ಕೆ ಆಮೆಗಳ ಚಿಪ್ಪು ಬೇರೆ ಬೇರೆ, ನೋಡಿದರೆ ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದು ಅಲ್ಲಿನ ಉಪ ಗವರ್ನರ್ ಹೇಳಿದ್ದರು. ಆ ಮಾತಿನ ತೂಕ ಡಾರ್ವಿನ್‌ಗೆ ಆಗ ತಿಳಿಯಲಿಲ್ಲ. ಎರಡು ದ್ವೀಪಗಳಲ್ಲಿ ಹಿಡಿದದ್ದನ್ನು ಅವರು ಅಷ್ಟರಲ್ಲಾಗಲೇ ಒಟ್ಟಿಗೆ ಬೆರೆಸಿದ್ದರು. ಆಮೆಗಳನ್ನು ಹಡಗಿನವರು ತಿಂದು ಚಿಪ್ಪನ್ನು ಕಡಲಿಗೆಸೆದರು. 1837ರಲ್ಲಿ ಲಂಡನ್ನಿನ ಪಕ್ಷಿತಜ್ಞ ಜಾನ್ ಗೌಲ್ಡ್ ಆ ಫಿಂಚ್ ಹಕ್ಕಿಗಳು ಬೇರೆ ಬೇರೆ ಪ್ರಭೇದಗಳೆಂದು ಹೇಳಿದಾಗ, ಯಾವುದು ಯಾವ ದ್ವೀಪದ್ದು ಎಂಬ ಚೀಟಿಯೇ ಇರಲಿಲ್ಲ. ಹಡಗಿನ ಇತರರು ಹೆಸರು ಬರೆದಿಟ್ಟಿದ್ದ ಹಕ್ಕಿಗಳನ್ನು ಕೇಳಿ ಪಡೆದು ಹೊಂದಿಸಬೇಕಾಯಿತು. ಪುಣ್ಯಕ್ಕೆ ಮಾಕಿಂಗ್‌ಬರ್ಡ್ ಎಂಬ ಹಕ್ಕಿಗಳಿಗೆ ಅವರೇ ದ್ವೀಪವಾರು ಚೀಟಿ ಕಟ್ಟಿದ್ದರು. ಇನ್ನೊಂದು ಜಾಣತನ: ಸಂಗ್ರಹಿಸಿದ್ದನ್ನು ಆಯಾ ಬಂದರಿನಿಂದಲೇ ಪೆಟ್ಟಿಗೆ ತುಂಬಿ ಕೇಂಬ್ರಿಜ್‌ನ ಗುರು ಹೆನ್ಸ್ಲೋ ಅವರಿಗೆ ಕಳುಹಿಸುತ್ತಿದ್ದರು. ಒಂದು ಹಡಗು ಮುಳುಗಿದರೂ ಎಲ್ಲವೂ ಮುಳುಗುತ್ತಿರಲಿಲ್ಲ.

ಇವರಿಗೆ ದಿನಗಳು, ವಾರಗಳು ಇದ್ದವು. ಮಲ್ಪೆಯಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಮಗುವಿಗೆ ಸಿಗುವುದು ಒಂದೆರಡು ಗಂಟೆ. ಅದರಲ್ಲಿ ಅರ್ಧ ಫೋಟೋಕ್ಕೆ, ಕಾಲುಭಾಗ ತಿಂಡಿಗೆ. ಮನೆಗೆ ಬಂದಾಗ ಅಮ್ಮ 'ಏನು ಕಂಡೆ ಮಗಾ?' ಎಂದರೆ 'ಕಲ್ಲು, ಚೆನ್ನಾಗಿತ್ತು' ಎಂಬಲ್ಲಿಗೆ ಮುಗಿಯಿತು. ಆ ಕಲ್ಲುಗಳೋ ಸುಮಾರು 8.8 ಕೋಟಿ ವರ್ಷಗಳಷ್ಟು ಹಳೆಯವು, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಕಂಬಗಲ್ಲುಗಳನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ.

ದೋಣಿ ಹತ್ತುವ ಮೊದಲೇ ಒಂದೇ ಒಂದು ಪ್ರಶ್ನೆ ಬರೆದುಕೊಂಡು ಹೋಗಲಿ: ಈ ಕಂಬಗಳಿಗೆ ಎಷ್ಟು ಮೂಲೆ? ಸುಗ್ಗಿಯ ನಂತರ ಗದ್ದೆಯ ಕೆಸರು ಒಣಗಿ ಬಿರುಕು ಬಿಡುವುದನ್ನು ಹಳ್ಳಿಯ ಮಕ್ಕಳೆಲ್ಲ ಕಂಡಿದ್ದಾರೆ. ಲಾವಾ ತಣಿಯುವಾಗಲೂ ಕುಗ್ಗುತ್ತದೆ, ಬಿರುಕು ಮೇಲಿನಿಂದ ಒಳಗಿಳಿಯುತ್ತದೆ, ಕಂಬಗಳಾಗುತ್ತವೆ. ಸಮನಾಗಿ ತಣಿದಲ್ಲಿ ಆರು ಮೂಲೆಯವು ಹೆಚ್ಚು. ಐದು, ಏಳರವೂ ಇರುತ್ತವೆ. ಅಲೆ ಬಡಿಯದ, ಜಾರದ ಒಂದು ಕಡೆ ನಿಂತು 20 ಕಂಬಗಳ ಮೂಲೆ ಎಣಿಸಿ, ಒಂದು ನೂಲಿನಿಂದ ಬದಿಯ ಉದ್ದ ಅಳೆದು ಅಲ್ಲಿಯೇ ಬರೆಯಬೇಕು. ಅದಕ್ಕೆ ಇಪ್ಪತ್ತು ನಿಮಿಷ ಸಾಕು. ಪೆನ್ನು ಬೇಡ, ಉಪ್ಪುನೀರು ಸಿಡಿದರೆ ಶಾಯಿ ಹರಡುತ್ತದೆ, ಪೆನ್ಸಿಲ್ ಸಾಕು. ಪುಟದ ಮೇಲ್ಗಡೆ ದಿನಾಂಕ, ಗಂಟೆ, ದ್ವೀಪದ ಯಾವ ದಿಕ್ಕು ಎಂಬುದು ಇರಲಿ. ಕಲ್ಲಿನ ಚೂರು ಕಿಸೆಗೆ ಹಾಕುವಂತಿಲ್ಲ. ಉಳಿದ ಹೊತ್ತು ಆಟಕ್ಕೆ. ಅದಕ್ಕೆ ಯಾರ ತಕರಾರೂ ಬೇಡ. ಸಂಜೆ ಮನೆಯಲ್ಲಿ ಅಪ್ಪನೋ ಅಕ್ಕನೋ ಆ ಪುಟವನ್ನು ಇನ್ನೊಂದು ಪುಸ್ತಕಕ್ಕೆ ಇಳಿಸಲು ನೆರವಾದರೆ ಎರಡು ಪ್ರತಿಗಳಾದವು.

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇಲ್ಲ. ಅಲ್ಲಿಯತನಕ ಅಭ್ಯಾಸಕ್ಕೆ ಮಾಬುಕಳ ಸೇತುವೆಯ ಬಳಿ ಹಿರಿಯರೊಂದಿಗೆ ದಂಡೆಯಲ್ಲಿ ನಿಂತು, ಉಬ್ಬರದ ಹೊತ್ತಿಗೆ ನೀರು ಕಂಬದ ಯಾವ ಗುರುತಿಗೆ ಬಂತು, ಇಳಿತಕ್ಕೆ ಎಲ್ಲಿಗೆ ಇಳಿಯಿತು ಎಂದು ಬರೆದಿಡಬಹುದು. ಮರುದಿನ ಅದೇ ಗುರುತಿಗೆ ನೀರು ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹಿಂದೆ ಬಾರ್ಕೂರಿಗೆ ಬರುತ್ತಿದ್ದ ಹಡಗಿನವರೂ ಆ ನೀರನ್ನೇ ಕಾಯಬೇಕಿತ್ತು.