ಪೋಸ್ಟರ್‌ನಲ್ಲಿ ಬೆಂಜ್, ರಸ್ತೆಯಲ್ಲಿ ಟ್ರ್ಯಾಕ್ಸ್

ನಮ್ಮ ಮೆಕ್ಯಾನಿಕಲ್ ಹುಡುಗರ ವಾಲ್‌ಪೇಪರ್‌ಗಳಲ್ಲಿ ಹಳೇ ಬೆಂಜ್‌ಗೆ ಈಗ ಭಾರೀ ಡಿಮ್ಯಾಂಡು. ಅದರಲ್ಲೂ ಡಬ್ಲ್ಯು123 ಸರಣಿಯ ಡೀಸೆಲ್ ಎಸ್ಟೇಟ್. (ಎಸ್ಟೇಟ್ ಅಂದ್ರೆ ಚಿಕ್ಕಮಗಳೂರಿನ ಕಾಫಿ ತೋಟ ಅಲ್ಲ, ಹಿಂದೆ ಉದ್ದಕ್ಕೆ ಲಗೇಜ್ ಜಾಗ ಇರೋ ಕಾರು. 1992ರಲ್ಲಿ ಟಾಟಾ ಕೂಡ ಅದೇ ಹೆಸರಲ್ಲಿ ಒಂದು ತಂದಿತ್ತು, ಓಡಲಿಲ್ಲ.) ಮೆಚ್ಚಲಿ, ಬೇಡ ಅನ್ನಲ್ಲ. ಆದರೆ ಅದೇ ಕಾರಿನ ಇಂಜಿನ್ ನಮ್ಮ ಹೊಸಕೋಟೆ ಕಡೆ ರಸ್ತೆಗಳಲ್ಲಿ ವರ್ಷಗಟ್ಟಲೆ ಜನರನ್ನ ಹೊತ್ತಿದೆ ಅಂತ ಎಷ್ಟು ಜನಕ್ಕೆ ಗೊತ್ತು?

ಈ ಎಸ್ಟೇಟನ್ನು ಮರ್ಸಿಡಿಸ್ 1977ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ತೋರಿಸಿ, ಮರುವರ್ಷ ಬ್ರೆಮೆನ್ ಕಾರ್ಖಾನೆಯಲ್ಲಿ ಕಟ್ಟೋಕೆ ಶುರು ಮಾಡಿತು. 1986ರೊಳಗೆ ಸುಮಾರು 2 ಲಕ್ಷ ಕಾರು. ಫೇಮಸ್ ಆಗಿದ್ದು ಐದು ಸಿಲಿಂಡರಿನ 300 ಟಿಡಿ. ನನಗೆ ಮುಖ್ಯ ಅನ್ಸೋದು ಅದರ ಬಡ ತಮ್ಮ, 240 ಟಿಡಿ. ನಾಲ್ಕು ಸಿಲಿಂಡರು, 2.4 ಲೀಟರು, ಪವರ್ ಮೊದಲು 65, ಆಮೇಲೆ 72 ಎಚ್‌ಪಿ. ಇಂಜಿನ್ ಹೆಸರು ಓಎಂ616.

ಇದೇ ಇಂಜಿನ್ನಿಗೆ ಪುಣೆಯ ಬಜಾಜ್ ಟೆಂಪೊ (ಇವತ್ತಿನ ಫೋರ್ಸ್ ಮೋಟಾರ್ಸ್) ಲೈಸೆನ್ಸ್ ತಗೊಂಡು ಇಲ್ಲೇ ತಯಾರಿಸಿತು. 1987ರಲ್ಲಿ ಬಂದ ಟೆಂಪೊ ಟ್ರಾವೆಲರ್‌ಗೆ, ಆಮೇಲೆ ಟ್ರ್ಯಾಕ್ಸ್‌ಗೆ ಹಾಕಿತು. ನಾವು ಟೂರ್‌ಗೆ ಬುಕ್ ಮಾಡೋ ಟಿಟಿಯ ಮೂಲ ಅದೇ. ಜರ್ಮನಿಯಲ್ಲಿ ಒಂದು ಕುಟುಂಬ, ಒಂದು ನಾಯಿ, ಎರಡು ಸೂಟ್‌ಕೇಸ್ ಎಳೆದ ಇಂಜಿನ್ ಇಲ್ಲಿ ಹದಿನೈದು ಜನ, ಟಾಪ್ ಮೇಲೆ ಟೊಮೆಟೊ ಕ್ರೇಟು ಎಳೀತು.

ಹೇಗೆ ತಡ್ಕೊಂಡಿತು? ಸಿಲಿಂಡರ್ ಹೆಡ್‌ನಲ್ಲಿ ಒಂದು ಪುಟ್ಟ ಕೋಣೆ ಇದೆ. ಡೀಸೆಲ್ ಮೊದಲು ಅಲ್ಲಿ ಹೊತ್ತಿ, ಆಮೇಲೆ ಸಿಲಿಂಡರ್‌ಗೆ ನುಗ್ಗುತ್ತೆ. ಹಾಗಾಗಿ ಈಗಿನ ಕಾಮನ್ ರೈಲ್‌ನಷ್ಟು ಪ್ರೆಷರ್ ಬೇಡ. ಪಂಪ್ ಪೂರ್ತಿ ಮೆಕ್ಯಾನಿಕಲ್, ಇಸಿಯು ಇಲ್ಲವೇ ಇಲ್ಲ. ಹೀಟರ್ ಕಾದು ಒಮ್ಮೆ ಸ್ಟಾರ್ಟ್ ಆದರೆ ಓಡೋಕೆ ಕರೆಂಟೂ ಬೇಡ. ಶೆಡ್ಡಿನ ಮೇಸ್ತ್ರಿ ಸ್ಪ್ಯಾನರ್ ಹಿಡಿದು ಬಿಚ್ಚಬಹುದು, ಸದ್ದು ಕೇಳಿ ಟೈಮಿಂಗ್ ಹೇಳಬಹುದು.

ಅಂತ ಇದನ್ನೇ ವಾಪಸ್ ತನ್ನಿ ಅಂತಿಲ್ಲ. ಆ ಪುಟ್ಟ ಕೋಣೆಯಲ್ಲಿ ಶಾಖ ಪೋಲಾಗುತ್ತೆ, ಮೈಲೇಜ್ ಕಮ್ಮಿ. ಹಳೇ ಗಾಡಿ ಉಗುಳೋ ಹೊಗೆ ನಮ್ಮ ಶ್ವಾಸಕೋಶಕ್ಕೇ ಬರೋದು. 2020ರ ಬಿಎಸ್-6 ನಿಯಮ ಬಂದಿದ್ದು ಸರಿಯೇ. ನನ್ನ ತಕರಾರು ಬೇರೆ. ಹೊಗೆ ಕಮ್ಮಿ ಮಾಡೋಕೆ ಹೋಗಿ, ಊರಲ್ಲೇ ರಿಪೇರಿ ಆಗೋ ಗುಣವನ್ನೂ ಬಿಟ್ಟುಕೊಡಬೇಕಿತ್ತಾ? ಸೆನ್ಸರ್ ಒಂದು ಕೆಟ್ಟರೆ ಗಾಡಿ ರಸ್ತೆಬದಿ ನಿಲ್ಲುತ್ತೆ, ಡ್ರೈವರಿನ ಆ ದಿನದ ದುಡಿಮೆ ಹೋಗುತ್ತೆ. ಇದೂ ಡಿಸೈನ್ ಸಮಸ್ಯೆಯೇ, ಆದರೆ ನಮ್ಮ ಕ್ಲಾಸಲ್ಲಿ ಎಫಿಷಿಯೆನ್ಸಿ ಲೆಕ್ಕ ಹಾಕಿಸಿದಷ್ಟು ಇದನ್ನ ಕೇಳಲ್ಲ.

ಗುಜರಿಯಿಂದ ಒಂದು ಹಳೇ ಟ್ರ್ಯಾಕ್ಸ್ ಇಂಜಿನ್ ತಂದು ಲ್ಯಾಬಲ್ಲಿ ಇಡಿ. ಬಿಚ್ಚಿಸಿ ತೋರಿಸೋಕೆ ಹೊಸಕೋಟೆಯ ಹಳೇ ಮೇಸ್ತ್ರಿ ಒಬ್ಬರನ್ನ ಕರೀರಿ, ಗೆಸ್ಟ್ ಲೆಕ್ಚರರ್‌ಗೆ ಕೊಡೋ ಸಂಭಾವನೆಯನ್ನೇ ಕೊಡಿ. ಟೆಕ್‌ಫೆಸ್ಟ್ ಫ್ಲೆಕ್ಸ್‌ಗೆ ಸುರಿಯೋ ದುಡ್ಡಲ್ಲಿ ಸ್ವಲ್ಪ ಈ ಕಡೆ ತಿರುಗಿಸಿದರೂ ಮುಂದಿನ ಸೆಮಿಸ್ಟರಲ್ಲೇ ಆಗೋ ಕೆಲಸ.